ಮೂರನೆಯ ಕಲ್ಲು

ನಮ್ಮ ಹೊಲದ ನಡುವೆ ಇರುವ ಕೋಟೆಯೊಳಗೆ ಈ ವರ್ಷದವರೆಗೆ ನಾನು ಕಾಲಿಟ್ಟವನಲ್ಲ. ಕೋಟೆ ಎಂದರೆ ಬುರುಜು, ಬಾಗಿಲು ಏನೂ ಇಲ್ಲ. ದುಂಡಗೆ ಒಂದು ಮಣ್ಣಿನ ಏರಿ, ಏರಿಯ ಮೇಲೆ ಮುಳ್ಳುಮರಗಳು, ಒಳಗೆ ಹುಲ್ಲು. ನನಗೀಗ ಎಪ್ಪತ್ತೊಂದು. ಅದರ ಸುತ್ತ ಉತ್ತಿದ್ದೇನೆ, ಹುಲ್ಲು ಕೊಯ್ದಿದ್ದೇನೆ, ಟ್ರ್ಯಾಕ್ಟರು ಬಂದ ಮೇಲೆ ಅದನ್ನು ಬಳಸಿ ಬಳಸಿ ಕತ್ತು ಉಳುಕಿಸಿಕೊಂಡಿದ್ದೇನೆ. ಕರು ಒಳಗೆ ನುಗ್ಗಿದರೆ ನಾಯಿಯನ್ನು ಬಿಟ್ಟು ಹೊರಗೆ ನಿಂತು ಶಿಳ್ಳೆ ಹಾಕುತ್ತಿದ್ದೆ. ಒಳಗೆ ನೆಲದಡಿ ಇರುವ, ಕಣ್ಣಿಗೆ ಕಾಣದವರನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ, ‘ಒಳ್ಳೇ ಜನ’ ಎನ್ನುತ್ತೇವೆ. ಅವರೇನೂ ಒಳ್ಳೆಯವರಲ್ಲ. ಹಾಗೆ ಕರೆಸಿಕೊಂಡ ಮುಲಾಜಿಗಾದರೂ ಒಳ್ಳೆಯವರಾಗಿ ಇದ್ದಾರು ಎಂಬ ಆಸೆ ನಮ್ಮದು.

ನನ್ನ ಅತ್ತಿಗೆ ಡೀಲಿಯಾ ಮಾತ್ರ ವಾರವಾರ ಒಳಗೆ ಹೋಗುತ್ತಿದ್ದಳು. ನಮ್ಮಣ್ಣ ಲ್ಯೂಕ್ ಬದುಕಿದ್ದಾಗಲೂ ಹೋಗುತ್ತಿದ್ದಳು, ಅವನು ಸತ್ತು ಹದಿನೈದು ವರ್ಷವಾದ ಮೇಲೂ ಬಿಡಲಿಲ್ಲ. ಭಾನುವಾರ ಹಾಲು ಕರೆದು ಮುಗಿದ ಕೂಡಲೇ ಕೈಯಲ್ಲಿ ಒಂದು ಜಾಮ್ ಬಾಟಲಿ, ಅದರಲ್ಲಿ ಆಯಾ ಕಾಲಕ್ಕೆ ಸಿಕ್ಕಿದ ಹೂವು. ಕಲ್ಲುಗೋಡೆ ದಾಟುವ ಮೆಟ್ಟಿಲಲ್ಲಿ ನಾನು ಅವಳ ಕೈ ಹಿಡಿದು ಇಳಿಸಬೇಕು, ಅವಳು ತಿರುಗಿ ಬರುವವರೆಗೆ ಮಳೆಯಲ್ಲಿ ನಿಂತಿರಬೇಕು. ಅವಳಿಗೆ ಎಪ್ಪತ್ತಾರಾಯಿತು, ಮಂಡಿ ಹೋಗಿದೆ. ನನ್ನ ಸೊಂಟ ಹೋಗಿದೆ. ಇಬ್ಬರೂ ಸೇರಿದರೆ ಒಂದು ನೆಟ್ಟಗಿನ ಆಳಾಗುವುದಿಲ್ಲ.

ಯಾಕೆ ಹೋಗುತ್ತಿದ್ದಳು ಎಂದರೆ, ಐವತ್ತೊಂದನೇ ಇಸವಿಯಲ್ಲಿ ಅವಳಿಗೆ ಹುಟ್ಟಿದ ಗಂಡುಮಗು ಉಸಿರಿಲ್ಲದೆ ಹುಟ್ಟಿತು. ಮೊದಲನೆಯದೂ ಅದೇ, ಕಡೆಯದೂ ಅದೇ. ಉಸಿರಿಲ್ಲದ್ದಕ್ಕೆ, ತಲೆಗೆ ನೀರು ಹಾಕಿ ಚರ್ಚಿಗೆ ಸೇರಿಸಿಕೊಳ್ಳುವ ಜ್ಞಾನಸ್ನಾನವಿಲ್ಲ. ಜ್ಞಾನಸ್ನಾನವಾಗದ ಕೂಸಿಗೆ ಚರ್ಚಿನ ಸಮಾಧಿನೆಲದಲ್ಲಿ ಜಾಗವಿಲ್ಲ, ಅದು ಆಗಿನ ಕಟ್ಟಳೆ. ಅಂಥ ಕೂಸುಗಳನ್ನು ಹೊತ್ತು ಮುಳುಗುವಾಗ ಕೋಟೆಯೊಳಗೆ ಹೂತು, ತಲೆಯ ಕಡೆ ಹೆಸರಿಲ್ಲದ ಒಂದು ಕಲ್ಲು ನೆಡುತ್ತಿದ್ದರು. ಹೂಳುವುದು ಗಂಡಸರ ಕೆಲಸ. ಹಾಸಿಗೆ ಹಿಡಿದ ತಾಯಿಗೆ ಯಾರೂ ಏನೂ ಹೇಳುವುದಿಲ್ಲ, ಅವಳೂ ಕೇಳಬಾರದು. ಡೀಲಿಯಾ ಕೇಳಿದಳು. ನನ್ನ ಗೋಳು ಶುರುವಾದದ್ದು ಅಲ್ಲಿಂದ.

ಈ ಮೇ ತಿಂಗಳ ಮೊದಲ ಬುಧವಾರ ಫಾದರ್ ಡಿವಿಲಿ ಒಂದು ನೋಟ್‌ಪುಸ್ತಕ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದರು. ಹೊಸ ಪಾದ್ರಿ, ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ಪಕ್ಕದ ಹೊಲದ ವಿನ್ನಿ ಹೆಶನ್ ಕೂಡ ಚಹಾಕ್ಕೆಂದು ಬಂದು ಕೂತಿದ್ದಳು. ಡೀಲಿಯಾಳಿಗಿಂತ ಮೂರು ವರ್ಷ ದೊಡ್ಡವಳು, ಗಂಡ ತೀರಿಹೋಗಿದ್ದಾನೆ.

“ಬರೋ ಭಾನುವಾರ ಕೋಟೆಯಲ್ಲೇ ಪ್ರಾರ್ಥನೆ ಇಟ್ಕೊಂಡಿದ್ದೀನಿ,” ಎಂದರು ಫಾದರ್. “ಆ ನೆಲಾನೂ ಪವಿತ್ರ ಮಾಡೋಣ ಅಂತ. ತಡ ಆಯ್ತು, ಗೊತ್ತು ನನಗೆ.”

“ಐವತ್ತೆರಡು ವರ್ಷ ಫಾದರ್,” ಎಂದಳು ಡೀಲಿಯಾ. “ಗಾಲ್ವೇ ಊರಿನ ಬಸ್ಸು ತಡ ಆಗೋದು ನೋಡಿದೀನಿ. ಇಷ್ಟು ತಡ ಅಲ್ಲ.”

ಅವರು ಕಿವಿಯವರೆಗೆ ಕೆಂಪಾದರು. ಪಾಪ, ಹಿಂದಿನವರು ಮಾಡಿದ್ದಕ್ಕೆ ಬೈಸಿಕೊಳ್ಳಲು ಈ ಮನುಷ್ಯ ಮನೆಮನೆ ಸುತ್ತುತ್ತಿದ್ದರು. ಅವರವರ ಮನೆಯವರು ಅವರವರ ಕಲ್ಲಿನ ಪಕ್ಕ ನಿಂತು ಮಗುವಿನ ಹೆಸರು ಗಟ್ಟಿಯಾಗಿ ಹೇಳಬೇಕು, ತಾನು ಒಂದೊಂದೇ ಕಲ್ಲಿಗೆ ತೀರ್ಥ ಚಿಮುಕಿಸುತ್ತೇನೆ ಎಂದು ವಿವರಿಸಿ, ಪೆನ್ನು ತೆಗೆದರು.

“ಜಾರ್ಲತ್ ಅಂತ ಬರ್ಕೊಳಿ,” ಎಂದಳು ಡೀಲಿಯಾ.

ಆ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ಒಂದೇ ಸೂರಿನಡಿ ಇಷ್ಟು ವರ್ಷ ಉಂಡು ಮಲಗಿದ್ದೇನೆ, ಮಗುವಿಗೆ ಹೆಸರಿದೆ ಎಂದು ಗೊತ್ತಿರಲಿಲ್ಲ.

“ದೊಡ್ಡ ಮುಳ್ಳುಮರದಿಂದ ಎಣಿಸಿದ್ರೆ ಮೂರನೇ ಕಲ್ಲು. ಸುತ್ತ ಬಿಳೀ ಬೆಣಚುಕಲ್ಲು ಇದೆಯಲ್ಲ, ಅದು.”

ವಿನ್ನಿ ಕಪ್ಪು ಕೆಳಗಿಟ್ಟಳು. “ಅದು ನಮ್ಮ ಊನಾದು.”

“ಏನಂದೆ?”

“ಮೂರನೇದು ನಮ್ಮ ಊನಾದು ಡೀಲಿಯಾ. ನಲವತ್ತೊಂಬತ್ತರಲ್ಲಿ ನಮ್ಮನೆಯವರೇ ಇಟ್ಟಿದ್ದು. ಮಾರನೇ ದಿನ ಏರಿ ಮೇಲೆ ನನ್ನ ನಿಲ್ಸಿ ಕೈ ತೋರ್ಸಿದ್ರು. ಆ ಬೆಣಚುಕಲ್ಲು ಒಂದೊಂದೂ ನಾನು ಸಮುದ್ರದ ದಡದಿಂದ ಆರಿಸ್ಕೊಂಡು ಬಂದಿದ್ದು.”

“ನೀನು ತಂದಿದ್ದಾ ಅದು?”

ನಾನು ಡೀಲಿಯಾಳ ಮುಖ ನೋಡಲಾರದೆ ಒಲೆಯ ಕಡೆ ತಿರುಗಿದೆ. ಎಷ್ಟು ಭಾನುವಾರ ಅವಳು ಆ ಮೆಟ್ಟಿಲ ಹತ್ತಿರ ಬಂದು, “ಇವತ್ತು ಇನ್ನೊಂದು ಬಿಳೀ ಕಲ್ಲು ಬಂದಿದೆ ಫೆಸ್ಟಿ, ಅವರು ಚೆನ್ನಾಗಿ ನೋಡ್ಕೋತಿದ್ದಾರೆ ಅವನ್ನ,” ಎಂದಿದ್ದಳೋ ಲೆಕ್ಕವಿಲ್ಲ. ನಾನೂ ಹೂಂ ಎನ್ನುತ್ತಿದ್ದೆ.

“ಹಾಗಾದ್ರೆ ಆ ಜಾಮ್ ಬಾಟಲಿ ಹೂವು?” ವಿನ್ನಿ ಕೇಳಿದಳು.

“ನಂದು. ಇನ್ಯಾರದು?”

“ನಾನು ಅವರು ಇಟ್ಟಿದ್ದು ಅಂದ್ಕೊಂಡಿದ್ದೆ.”

“ಒಳ್ಳೇ ಜನ ಜಾಮ್ ತಿಂದು ಬಾಟಲಿ ತೊಳೆದಿಡ್ತಾರೆ ಅಂದ್ಕೊಂಡ್ಯಾ?”

“ನೀನು ಏನಂದ್ಕೊಂಡಿದ್ದೆ ಮತ್ತೆ? ಸಮುದ್ರಕ್ಕೆ ಹೋಗಿಬರೋಕೆ ಅವರಿಗೂ ನಮ್ಮ ಹಾಗೆ ಬಸ್ ಪಾಸ್ ಕೊಟ್ಟಿದ್ದಾರಾ?”

ಒಬ್ಬಳು ಭಾನುವಾರ ಬೆಳಿಗ್ಗೆ ನಮ್ಮ ಹೊಲದ ಕಡೆಯಿಂದ ಹೋಗುತ್ತಿದ್ದಳು. ಇನ್ನೊಬ್ಬಳು ವಾರದ ನಡುವೆ ಸಂಜೆ ತನ್ನ ಹೊಲ ದಾಟಿ ಆಚೆ ಬದಿಯಿಂದ ಏರಿ ಹತ್ತಿ ಬರುತ್ತಿದ್ದಳು. ಸಕ್ಕರೆ ಸಾಲ ಕೊಟ್ಟು ತೆಗೆದುಕೊಂಡು, ಕರು ಹಾಕುವ ಹಸುವಿಗೆ ಜೊತೆಯಾಗಿ ಕಾವಲು ಕೂತು, ಎಲ್ಲ ಮಾತೂ ಆಡಿದವರು ಇದೊಂದನ್ನು ಮಾತ್ರ ಆಡಿರಲಿಲ್ಲ. ನಮ್ಮ ಕಡೆ ಅದನ್ನು ಆಡುವ ವಾಡಿಕೆಯೇ ಇರಲಿಲ್ಲ. ತಮ್ಮ ಕೂಸನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಇಬ್ಬರೂ ಧೈರ್ಯ ತಂದುಕೊಂಡಿದ್ದರು. ಈಗ ಆ ಯಾರೋ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದಳು. ಇಬ್ಬರ ಮುಖವೂ ಇಳಿದುಹೋಯಿತು.

“ಫೆಸ್ಟಿಗೆ ಗೊತ್ತು,” ಎಂದಳು ಡೀಲಿಯಾ. “ಅವನೇ ಇಟ್ಟಿದ್ದು. ಹೇಳೋ ಇವಳಿಗೆ.”

“ಹಸುಗಳು ಕಾಯ್ತಿವೆ,” ಎಂದು ನಾನು ಎದ್ದೆ. ಹಾಲು ಕರೆಯಲು ಇನ್ನೂ ಎರಡು ಗಂಟೆ ಇದೆ ಎಂದು ಆ ಪಾದ್ರಿಗೂ ಗೊತ್ತಿತ್ತು.

ಕೊಟ್ಟಿಗೆಯಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತೆ. ನಿಮಗಾದರೂ ನಿಜ ಹೇಳಿಬಿಡುತ್ತೇನೆ, ಹೊತ್ತು ಹೊತ್ತು ಸಾಕಾಗಿದೆ. ಮಗು ಹುಟ್ಟಿದ ಆ ವರ್ಷ ಲ್ಯೂಕ್ ಇಂಗ್ಲೆಂಡಿಗೆ ರಸ್ತೆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿದ್ದ ಗಂಡಸು ನಾನೊಬ್ಬನೇ, ಹತ್ತೊಂಬತ್ತು ವರ್ಷ. ನಮ್ಮಮ್ಮ ಸತ್ತು ಹತ್ತು ತಿಂಗಳಾಗಿತ್ತು. ಸೂಲಗಿತ್ತಿ ಮಗುವನ್ನು ಒಂದು ಸೋಪಿನ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಳಕ್ಕೆ ಮೊಳೆ ಹೊಡೆದು ನನ್ನ ಕೈಗೆ ಕೊಟ್ಟಳು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಗುದ್ದಲಿ.

ಏರಿಯಲ್ಲಿ ಒಂದು ಸಂದು ಇದೆ, ಅಲ್ಲಿಯವರೆಗೆ ಹೋದೆ. ನಮ್ಮಮ್ಮ ಹೇಳುತ್ತಿದ್ದದ್ದೆಲ್ಲ ಅಲ್ಲೇ ನೆನಪಾಗಬೇಕೇ? ಕೋಟೆಯ ಮುಳ್ಳುಮರದ ಒಂದು ಕೊಂಬೆ ಕಡಿದವನ ಬಾಯಿ ಮಾರನೇ ಬೆಳಿಗ್ಗೆ ಕಿವಿಗೆ ತಿರುಗಿತ್ತಂತೆ. ಒಳಗೆ ಗುದ್ದಲಿ ಹಾಕಿದವನ ಒಳ್ಳೊಳ್ಳೆ ಹಸುಗಳು ಒಂದರ ಹಿಂದೆ ಒಂದು ಬಿದ್ದವಂತೆ. ಅವಳು ಇಂಥ ಕಥೆ ಹೇಳದ ದಿನವಿರಲಿಲ್ಲ, ಮತ್ತು ನನ್ನ ಕೈಯಲ್ಲಿ ಇದ್ದದ್ದು ಗುದ್ದಲಿ. ಅಷ್ಟರಲ್ಲಿ ಒಳಗೆ ಯಾರೋ ಕೆಮ್ಮಿದರು. ಕುರಿ ಮನುಷ್ಯರಂತೆಯೇ ಕೆಮ್ಮುತ್ತದೆ. ಅದು ಈಗ ಗೊತ್ತು, ಆಗಲೂ ಗೊತ್ತಿತ್ತು. ನನ್ನ ಕಾಲಿಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಅವಚಿಕೊಂಡು ಓಡಿದೆ.

ಮನೆಗೆ ಹೋಗುವಂತಿರಲಿಲ್ಲ. ಹೆದರಿದವನು ಎಲ್ಲಿಗೆ ಹೋಗುತ್ತಾನೆ? ಅಮ್ಮನ ಹತ್ತಿರ ಹೋದೆ. ಚರ್ಚಿನ ನೆಲದಲ್ಲಿ ಅವಳ ಸಮಾಧಿಯ ಮೇಲೆ ನಾನೇ ಹಾಸಿದ್ದ ಹುಲ್ಲುಹೆಂಟೆ ಇನ್ನೂ ಕೂಡಿಕೊಂಡಿರಲಿಲ್ಲ. ಅದನ್ನು ಎತ್ತಿ ಒಂದು ಮೊಳ ಆಳಕ್ಕೆ ತೋಡಿ ಪೆಟ್ಟಿಗೆ ಇಟ್ಟು, ಹೆಂಟೆ ಮೊದಲಿನಂತೆ ಹೊಂದಿಸಿ ತುಳಿದೆ. ಆಗಿನ ಪಾದ್ರಿಗೆ ತಿಳಿದಿದ್ದರೆ ತೋಡಿಸಿ ಹೊರಗೆ ಹಾಕಿಸುತ್ತಿದ್ದರು, ಪೂಜೆಯ ಹೊತ್ತಿನಲ್ಲಿ ನನ್ನ ಹೆಸರು ಕೂಗಿ ಮಾನ ಕಳೆಯುತ್ತಿದ್ದರು. ಆ ಪಾದ್ರಿಗೆ ಹೆದರದವರು ಊರಲ್ಲಿ ಯಾರೂ ಇರಲಿಲ್ಲ. ನಾನು ಅವರಿಗಿಂತ ಕೋಟೆಯವರಿಗೆ ಹೆಚ್ಚು ಹೆದರಿದೆ.

ಮನೆಗೆ ಬಂದಾಗ ಡೀಲಿಯಾ ಹಾಸಿಗೆಯಿಂದಲೇ, “ಎಲ್ಲಿ?” ಎಂದಳು. ಸಂದಿನಿಂದ ನೋಡಿದರೆ ಕಾಣುವುದು ಮೂರೇ ಕಲ್ಲು. ಕಡೆಯದನ್ನು ಹೇಳಿದೆ.

ಮುಂದಿನ ವಾರ ನಿಜ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಅವಳು ಎದ್ದು ಒಮ್ಮೆ ಕೋಟೆಗೆ ಹೋಗಿಬಂದಳು. ಬಂದವಳ ಮುಖ ಸ್ವಲ್ಪ ತಿಳಿಯಾಗಿತ್ತು, ಅವತ್ತು ರಾತ್ರಿ ಊಟ ಮಾಡಿದಳು. ಆಮೇಲೆ ಹೇಗೆ ಹೇಳಲಿ? ಲ್ಯೂಕ್ ಬಂದ, ಏನೂ ಕೇಳಲಿಲ್ಲ. ವರ್ಷ ಕಳೆದರೆ ಗಾಯ ಮಾಯುತ್ತದೆ ಎನ್ನುತ್ತಾರೆ. ಸುಳ್ಳು ಬೇರು ಬಿಡುತ್ತದೆ.

ಬುಧವಾರದಿಂದ ಡೀಲಿಯಾ ನನ್ನೊಡನೆ ಮಾತಾಡಲಿಲ್ಲ. ಆಲೂಗಡ್ಡೆ ಬೇಯಿಸಿ ತಟ್ಟೆ ಮುಂದೆ ಇಟ್ಟು ಎದ್ದು ಹೋಗುತ್ತಿದ್ದಳು. ವಿನ್ನಿ ಚಹಾಕ್ಕೆ ಬರುವುದು ನಿಂತಿತು. ನಾನು ಒಂದು ಉಪಾಯ ಹೂಡಿದ್ದೆ. ನಾಲ್ಕನೆಯ ಕಲ್ಲಿಗೆ ಯಾರೂ ದಿಕ್ಕಿಲ್ಲ ಎಂದು ಫಾದರ್ ಬಾಯಿಂದಲೇ ತಿಳಿದುಕೊಂಡಿದ್ದೆ. ಕತ್ತಲಲ್ಲಿ ಎಣಿಕೆ ತಪ್ಪಿತ್ತು, ಮೂರನೆಯದಲ್ಲ ನಾಲ್ಕನೆಯದು ಎಂದರೆ ಇಬ್ಬರಿಗೂ ಒಂದೊಂದು ಕಲ್ಲು ಸಿಕ್ಕಿಬಿಡುತ್ತದೆ. ಯಾರಿಗೂ ನಷ್ಟವಿಲ್ಲ. ಶನಿವಾರದ ಹೊತ್ತಿಗೆ ನಾನೇ ಅದನ್ನು ಅರ್ಧ ನಂಬಿದ್ದೆ.

ಶನಿವಾರ ಮಧ್ಯಾಹ್ನ ಅವಳು ತಟ್ಟೆ ಇಟ್ಟವಳು ಎದುರಿಗೆ ಕೂತಳು.

“ನಾನು ಬೈಯಲ್ಲ ಫೆಸ್ಟಿ. ಬೈಯೋಕೆ ಶಕ್ತಿ ಇಲ್ಲ ನಂಗೆ. ಕಲ್ಲು ತಪ್ಪಿದ್ರೆ ತಪ್ಪಿತು ಅನ್ನು. ಸಣ್ಣ ವಯಸ್ಸು, ಮಬ್ಬು ಹೊತ್ತು, ಯಾರಿಗೆ ನೆನಪಿರುತ್ತೆ? ನಾಳೆ ಒಳಗೆ ಬಂದು, ಇದೇ ಇರಬೇಕು ಅಂತ ಒಂದರ ಮೇಲೆ ಕೈ ಇಡು. ಅಷ್ಟು ಸಾಕು. ಅವನು ಎಲ್ಲಿದ್ದಾನೆ ಅಂತ ತಿಳ್ಕೊಂಡು ಸಾಯ್ಬೇಕು ನಾನು. ಗೊತ್ತಿಲ್ದೇ ಇರೋದೇ ಸುಸ್ತು ಕಣೋ.”

ನಾನು ಮೂರು ದಿನದಿಂದ ಹೆಣೆದಿದ್ದ ಸುಳ್ಳನ್ನು ಅವಳೇ ಬಡಿಸಿ ಮುಂದಿಟ್ಟಳು. ಬಾಯಿ ತೆರೆದು ಹೂಂ ಎಂದರೆ ಮುಗಿದುಹೋಗುತ್ತಿತ್ತು.

“ನೀನು ಒಂದು ದಿನಾನೂ ಒಳಗೆ ಬರ್ಲಿಲ್ಲ,” ಎಂದಳು. “ಆ ಜಾಗ ನೋಡೋಕೆ ನಿಂಗೂ ಅಷ್ಟೊಂದು ಸಂಕಟ ಅಂತ ನಂಗೆ ಗೊತ್ತು. ಲ್ಯೂಕ್‌ಗೆ ಅಷ್ಟು ಇರ್ಲಿಲ್ಲ. ನಾನು ಯಾವತ್ತೂ ಬಾ ಅಂತ ಕರೀಲಿಲ್ಲ, ಅದಕ್ಕೇ.”

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ನನ್ನ ಹೇಡಿತನಕ್ಕೆ ಇವಳು ಇಷ್ಟು ವರ್ಷ ಮರ್ಯಾದೆ ಕೊಡುತ್ತಾ ಬಂದಿದ್ದಾಳೆ. ನಾಚಿಕೆಯಾಯಿತು, ಹೇಳಲಾರದಷ್ಟು ನಾಚಿಕೆಯಾಯಿತು.

“ಅತ್ತಿಗೆ, ಕೋಟು ಹಾಕ್ಕೋ,” ಎಂದೆ.

ಕಾರಿನಲ್ಲಿ ಕೂರಿಸಿಕೊಂಡು ಚರ್ಚಿನ ಸಮಾಧಿನೆಲಕ್ಕೆ ಕರೆದುಕೊಂಡು ಹೋಗಿ ನಮ್ಮ ಮನೆಯವರ ಕಲ್ಲಿನ ಮುಂದೆ ನಿಲ್ಲಿಸಿದೆ. ಮೇಲೆ ಅಮ್ಮನ ಹೆಸರು, ಕೆಳಗೆ ಲ್ಯೂಕ್ ಹೆಸರು. ನಮ್ಮಲ್ಲಿ ಒಂದು ಮನೆಯವರನ್ನು ಒಂದೇ ಸಮಾಧಿಯಲ್ಲಿ, ಒಬ್ಬರ ಮೇಲೊಬ್ಬರನ್ನು ಇಡುತ್ತಾರೆ. ಅಲ್ಲಿ ನಿಂತು ಮೊದಲಿನಿಂದ ಕಡೆಯವರೆಗೆ ಹೇಳಿದೆ. ಸೋಪಿನ ಪೆಟ್ಟಿಗೆ, ಗುದ್ದಲಿ, ಕೆಮ್ಮು, ಹುಲ್ಲುಹೆಂಟೆ, ಏನನ್ನೂ ಬಿಡಲಿಲ್ಲ.

ಅವಳು ಊರಿಕೊಂಡಿದ್ದ ಕೋಲಿನ ತುದಿಯಿಂದ ಸಮಾಧಿಯ ಹುಲ್ಲನ್ನು ಮೆಲ್ಲಗೆ ಒತ್ತಿ ನೋಡಿದಳು. ಆಮೇಲೆ, “ಕೆಮ್ಮಿದ್ದು ಕುರೀನಾ?” ಎಂದಳು.

“ಕುರಿ.”

“ಒಂದು ಕುರಿಗೆ ಹೆದರ್ಕೊಂಡು,” ಎಂದವಳು ಕೋಲೆತ್ತಿ ನನ್ನ ಮೊಣಕಾಲಿಗೆ ಬಾರಿಸಿದಳು. ಜೋರಾಗಿಯೇ ಬಿತ್ತು. “ಇದು ಐವತ್ತೆರಡು ವರ್ಷ ಆ ಮೆಟ್ಟಿಲು ಹತ್ತಿ ಇಳಿದಿದ್ದಕ್ಕೆ. ನೀನೇ ಕೈ ಹಿಡಿದು ಇಳಿಸ್ತಿದ್ದೆ. ಕೈ ಹಿಡ್ಕೊಂಡು ಸುಳ್ಳಿನ ಹತ್ರ ಕರ್ಕೊಂಡು ಹೋಗ್ತಿದ್ದೆ.”

ನಾನು ಅಲುಗಲಿಲ್ಲ. ಇನ್ನೊಂದು ಬಿದ್ದರೂ ಸರಿ ಎಂದು ನಿಂತಿದ್ದೆ. ಬೀಳಲಿಲ್ಲ. ಅವಳು ಲ್ಯೂಕ್ ಹೆಸರನ್ನೇ ನೋಡುತ್ತಿದ್ದಳು.

“ಇವರಿಗೆ ಗುಂಡಿ ತೋಡಿದ್ದು ನೀನು,” ಎಂದಳು ನಿಧಾನವಾಗಿ.

ನಮ್ಮ ಕಡೆ ಸತ್ತವರ ಮನೆಯವರು ಗುಂಡಿ ತೋಡುವುದಿಲ್ಲ. ನೆರೆಯವರು ತೋಡುತ್ತಾರೆ, ಅದು ಅವರ ಹಕ್ಕು, ಅವರ ಮರ್ಯಾದೆ. ಲ್ಯೂಕ್ ಸತ್ತಾಗ ನಾಲ್ಕು ಜನ ಸಲಿಕೆ ಹಿಡಿದು ಬರುವಷ್ಟರಲ್ಲಿ ನಾನು ಬೆಳಕು ಹರಿಯುವಾಗಲೇ ಹೋಗಿ ಒಬ್ಬನೇ ತೋಡಿ ಮುಗಿಸಿದ್ದೆ. ಅವರು ಮುಖಕ್ಕೆ ಹೊಡೆದಂತಾಗಿ ತಿರುಗಿ ಹೋದರು. ಅವರಲ್ಲೊಬ್ಬ ಆಮೇಲೆ ನಮ್ಮ ಹುಲ್ಲಿನ ಕೆಲಸಕ್ಕೆ ಕೈ ಜೋಡಿಸಲೇ ಇಲ್ಲ. ಊರ ಮುಂದೆ ತಲೆ ತಗ್ಗಿಸುವಂತೆ ಮಾಡಿದೆ ಎಂದು ಡೀಲಿಯಾ ತಿಂಗಳಾನುಗಟ್ಟಲೆ ಮಾತು ಬಿಟ್ಟಿದ್ದಳು. ಅದನ್ನು ಅವಳು ಇವತ್ತಿನವರೆಗೆ ಮರೆತಿಲ್ಲ.

“ಅದಕ್ಕೇನಾ ಅವತ್ತು?”

“ಬೇರೆಯವರ ಸಲಿಕೆಗೆ ಸಿಗಬಾರದು ಅಂತ.”

“ಸಿಕ್ಕಿದ್ನಾ?”

“ಹಲಗೆ ಮೂರು ಚೂರು. ಎರಡು ಮೊಳೆ. ಆಮೇಲೆ… ಸ್ವಲ್ಪ. ನನ್ನ ಅಂಗಿ ಬಿಚ್ಚಿ ಅದರಲ್ಲಿ ಸುತ್ತಿ, ಗುಂಡಿಯ ತಳದಲ್ಲಿ ಬಲಗಡೆ ಇಟ್ಟು ಮಣ್ಣು ಮುಚ್ಚಿದೆ. ಅಣ್ಣನ ಪೆಟ್ಟಿಗೆ ಅದರ ಪಕ್ಕಕ್ಕೆ ಬಂತು. ಅವನ ಬಲಗೈ ಕಡೆ ಇದ್ದಾನೆ.”

“ಅವತ್ತು ಬರೀ ಮೈಮೇಲೆ ಕೋಟು ಹಾಕ್ಕೊಂಡು ಮನೆಗೆ ಬಂದೆ,” ಎಂದಳು. “ಕುಡಿದಿದ್ದೀಯ ಅಂದ್ಕೊಂಡೆ ನಾನು.”

ಅವಳು ಸಮಾಧಿಯ ಕಟ್ಟೆಯ ಮೇಲೆ ಕೂತು ಹುಲ್ಲಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಅತ್ತಳು. ಅವಳು ಅಳುವುದನ್ನು ನಾನು ನೋಡಿರಲಿಲ್ಲ. ಆ ಐವತ್ತೊಂದರಲ್ಲಿಯೂ ನೋಡಿರಲಿಲ್ಲ.

“ನಿಮ್ಮಮ್ಮ ನನ್ನ ಕೈಗೆ ಹಿಟ್ಟಿನ ಬೋಗುಣಿ ಕೊಟ್ಟವಳಲ್ಲ,” ಎಂದಳು ಮೂಗು ಒರೆಸಿಕೊಳ್ಳುತ್ತಾ. “ನಾನು ಸುಟ್ಟ ಬ್ರೆಡ್ಡು ನಾಯಿಗೆ ಹಾಕ್ತಿದ್ಲು. ಪ್ರತಿ ನವೆಂಬರ್‌ನಲ್ಲೂ ಬಂದು ಅವಳ ಮೇಲಿನ ಕಳೆ ಕೀಳೋವಾಗ ಗೊಣಗಿಕೊಂಡೇ ಕಿತ್ತಿದೀನಿ. ಅವಳು ಅಷ್ಟು ವರ್ಷ ನನ್ನ ಮಗನ್ನ ಎದೆ ಮೇಲೆ ಮಲಗಿಸ್ಕೊಂಡಿದ್ಲು ನೋಡು.”

ಎದ್ದು ನಿಲ್ಲಲು ಕೈ ಕೊಟ್ಟೆ. ಹಿಡಿಯಲಿಲ್ಲ. ಕಲ್ಲಿನ ಆಸರೆ ಹಿಡಿದು ತಾನೇ ಎದ್ದಳು.

“ನಾನು ಅಲ್ಲಿ ಕೂತು ಹೇಳ್ತಿದ್ದ ಮಾತೆಲ್ಲಾ ಯಾರು ಕೇಳಿಸ್ಕೊಂಡ್ರು ಫೆಸ್ಟಿ?”

ನಾನು ಹೋಗಿ ಕಾರಿನ ಬಾಗಿಲು ತೆರೆದು ಹಿಡಿದೆ.

ಭಾನುವಾರ ಅವಳು ಕೋಟೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ನನಗಿಂತ ಮೊದಲೇ ಜಾಮ್ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಲವತ್ತು ಜನ ಬಂದಿದ್ದರು. ಮುಳ್ಳುಮರಗಳು ಬಿಳಿಯ ಹೂವು ಬಿಟ್ಟಿದ್ದವು. ಮಳೆ ಹನಿಯುತ್ತಿತ್ತು. ನಾನು ಎಂದಿನಂತೆ ಸಂದಿನ ಹೊರಗೆ ನಿಂತೆ. ವಿನ್ನಿ ಮೂರನೆಯ ಕಲ್ಲಿನ ಹತ್ತಿರ ಕಲ್ಲಿನಂತೆಯೇ ನಿಂತಿದ್ದಳು, ಡೀಲಿಯಾ ಬರುವುದನ್ನು ನೋಡಿ ಇನ್ನಷ್ಟು ಬಿಗಿದುಕೊಂಡಳು.

“ಕಲ್ಲು ನಿಂದೇ ವಿನ್ನಿ,” ಎಂದಳು ಡೀಲಿಯಾ. “ನಮ್ಮವನು ಅವರಪ್ಪನ ಹತ್ರ ಇದ್ದಾನೆ. ನಿನ್ನೆ ಗೊತ್ತಾಯ್ತು.”

ವಿನ್ನಿ ನನ್ನ ಕಡೆ ಒಮ್ಮೆ ನೋಡಿದಳು. “ಹಾಗಾದ್ರೆ ಇಷ್ಟು ವರ್ಷ ನೀನು…”

“ನಿನ್ನ ಮಗಳ ಜೊತೆ ಮಾತಾಡಿದೀನಿ. ನಮ್ಮನೆ ಗುಟ್ಟೆಲ್ಲಾ ಅವಳಿಗೆ ಗೊತ್ತು.”

“ಅವರಪ್ಪನ ಹಾಗಲ್ಲ ಬಿಡು ಅವಳು,” ಎಂದಳು ವಿನ್ನಿ. “ಯಾರಿಗೂ ಹೇಳಲ್ಲ.” ಡೀಲಿಯಾ ಬಗ್ಗಿ ಹೂವಿನ ಬಾಟಲಿಯನ್ನು ಬೆಣಚುಕಲ್ಲುಗಳ ನಡುವೆ ಎಂದಿನ ಜಾಗದಲ್ಲೇ ಇಟ್ಟಳು.

ವಿನ್ನಿಗೆ ನಿಲ್ಲಲು ಆಗುತ್ತಿರಲಿಲ್ಲ. ಡೀಲಿಯಾ ಸಂದಿನ ಕಡೆ ತಿರುಗಿದಳು. “ಫೆಸ್ಟಿ, ಕಾರಲ್ಲಿ ಅಡುಗೆಮನೆ ಕುರ್ಚಿ ಇದೆ. ತಗೊಂಡ್ ಬಾ.”

ನಲವತ್ತು ಜನರೂ ನನ್ನನ್ನು ನೋಡಿದರು. ಕುರ್ಚಿ ತಂದೆ. ಸಂದಿನ ಹತ್ತಿರ ಕಾಲು ನಿಂತುಬಿಟ್ಟಿತು, ಹಳೆಯ ಜಾಗದಲ್ಲೇ.

“ಕುರಿ ಇಲ್ಲ, ಬಾ,” ಎಂದಳು ಡೀಲಿಯಾ.

ಬೇರೆ ಯಾರಿಗೂ ಅದು ಅರ್ಥವಾಗಲಿಲ್ಲ. ನಾನು ಕುರ್ಚಿಯನ್ನು ಎದೆಗೆ ಅವಚಿಕೊಂಡು ಒಳಗೆ ಹೋದೆ. ಒದ್ದೆ ಹುಲ್ಲು, ಒಂದಿಷ್ಟು ಸಗಣಿ, ಮೊಣಕಾಲುದ್ದದ ಹನ್ನೊಂದು ಕಲ್ಲು. ಏನೂ ಆಗಲಿಲ್ಲ. ಇಷ್ಟಕ್ಕೇ ಇಷ್ಟು ವರ್ಷ ಹೆದರಿದ್ದೆನೇ ಎಂದು ಅನ್ನಿಸಿತು, ಆದರೂ ಒಳ್ಳೇ ಜನರಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ. ಫಾದರ್ ಡಿವಿಲಿ ಹೆಸರು ಹೇಳಿಸುತ್ತಾ ಬಂದರು. ವಿನ್ನಿ ಕೂತಲ್ಲಿಂದಲೇ ಊನಾ ಎಂದಳು. ಡೀಲಿಯಾ ಜಾರ್ಲತ್ ಎಂದಳು. ಯಾವ ಕಲ್ಲಿಗೆ ತೀರ್ಥ ಹಾಕಬೇಕೆಂದು ಫಾದರ್ ಸುತ್ತ ನೋಡಿದಾಗ ಅವಳು ಯಾರೂ ದಿಕ್ಕಿಲ್ಲದ ನಾಲ್ಕನೆಯದನ್ನು ತೋರಿಸಿ, “ಅದಕ್ಕೆ ಹಾಕಿ ಫಾದರ್, ಯಾರದ್ದೋ ಪಾಪ,” ಎಂದಳು.

ಹಿಂತಿರುಗುವಾಗ ಮೆಟ್ಟಿಲ ಹತ್ತಿರ ನಾನು ಅಭ್ಯಾಸದಿಂದ ಕೈ ಚಾಚಿದೆ. ಅವಳು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಿಡಿದುಕೊಂಡಳು. ಮಂಡಿ ನೋವಿತ್ತಲ್ಲ.

“ನಿನ್ನ ಕ್ಷಮಿಸಿದೀನಿ ಅಂದ್ಕೋಬೇಡ.”

“ಇಲ್ಲ.”

ಈಚೆ ಇಳಿದು ಉಸಿರು ತೆಗೆದುಕೊಂಡು ಹೇಳಿದಳು. “ನನ್ನ ಗುಂಡೀನೂ ನೀನೇ ತೋಡು. ನೆರೆಯವರು ಏನಾದ್ರೂ ಅಂದ್ಕೊಳ್ಳಿ. ಮಗು ನಂಗೂ ಲ್ಯೂಕ್‌ಗೂ ಮಧ್ಯ ಬರೋ ಹಾಗೆ ತೋಡ್ಬೇಕು, ಅದು ನಿಂಗೊಬ್ಬನಿಗೇ ಗೊತ್ತಿರೋದು.”

“ಸರಿ.”

“ಅದಕ್ಕೆ ಮೊದಲು ನೀನು ಸತ್ತುಗಿತ್ತೀಯ, ಜೋಕೆ.”

ಎಪ್ಪತ್ತೊಂದು ವರ್ಷದವನು, ಸೊಂಟ ಹೋದವನು, ಅವಳಿಗಿಂತ ಹೆಚ್ಚು ಬದುಕಬೇಕಂತೆ. ಎಲ್ಲಿಂದ ತರಲಿ ಅಷ್ಟು ಶಕ್ತಿಯನ್ನು? ಸೋಮವಾರ ಬೆಳಿಗ್ಗೆ ಹಾಲು ಕರೆದ ಮೇಲೆ ಕೊಟ್ಟಿಗೆಯ ಮೂಲೆಯಿಂದ ಗುದ್ದಲಿ ತೆಗೆದು ನೋಡಿದೆ. ಅದರ ಮರದ ಕಾವು ಸಡಿಲವಾಗಿತ್ತು. ಒಂದು ಬೆಣೆ ಕೆತ್ತಿ ಹೊಡೆದು ಬಿಗಿ ಮಾಡಿ, ಎಣ್ಣೆ ಒರೆಸಿ, ಬಾಗಿಲ ಹಿಂದೆ ನಿಲ್ಲಿಸಿದೆ.